ಒಂದೇ ಗಿಡ, ಎರಡು ಚಿತ್ರ: 1960ರಲ್ಲಿ ಸತ್ತ ಸೀಮೋರ್ 1986ರಲ್ಲಿ ಬದುಕಿದ್ದೇಕೆ?

ಪ್ರಶ್ನೆ: ಸಂಜೆಯಾಟ

ಕಳೆದ ಶನಿವಾರ ಮತ್ತು ಭಾನುವಾರ ಒಂದೇ ಕಥೆಯ ಎರಡು ಚಿತ್ರಗಳನ್ನು, ಅದೂ ಹಿಂದುಮುಂದಾಗಿ, ನೋಡಿದೆ. ಮೊದಲು ನೋಡಿದ್ದು ಫ್ರ್ಯಾಂಕ್ ಆಜ್ ನಿರ್ದೇಶಿಸಿ, 1986ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ಲಿಟಲ್ ಶಾಪ್ ಆಫ್ ಹಾರರ್ಸ್’ ಎಂಬ ಹಾಡಿನ ಚಿತ್ರ. ಮರುದಿನ ನೋಡಿದ್ದು ಅದಕ್ಕೆ ಮೂಲವಾದ, ರೋಜರ್ ಕಾರ್ಮನ್ ನಿರ್ದೇಶನದ 1960ರ ಕಪ್ಪುಬಿಳುಪು ಚಿತ್ರ.

ನೋಡದೆ ಇರುವವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೊಳಕು ಬೀದಿಯೊಂದರಲ್ಲಿ ಮಶ್ನಿಕ್ ಎಂಬವನ ಹೂವಿನ ಅಂಗಡಿಯಿದೆ. ಅಲ್ಲಿ ಕೆಲಸಕ್ಕಿರುವ ಸೀಮೋರ್ ಎಂಬ ಬಡಪಾಯಿ, ಹೆಸರೇ ಇಲ್ಲದ ಒಂದು ವಿಚಿತ್ರ ಗಿಡವನ್ನು ಸಾಕಿ, ತಾನು ಮನಸಾರೆ ಮೆಚ್ಚಿದ ಆಡ್ರಿ ಎಂಬ ಸಹೋದ್ಯೋಗಿಯ ಹೆಸರನ್ನೇ ಅದಕ್ಕೆ ಇಡುತ್ತಾನೆ. ಬೆರಳು ಕುಯ್ದುಕೊಂಡಾಗ ಬಿದ್ದ ರಕ್ತದ ಹನಿಯಿಂದ ಗಿಡ ಚಿಗುರುತ್ತದೆ, ಬಾಯಿ ಬಿಟ್ಟು ಮಾತನಾಡುತ್ತದೆ, ಊಟ ಕೇಳುತ್ತದೆ. ಹನಿ ಸಾಲದಾದಾಗ ಹೆಣ ಬೇಕಾಗುತ್ತದೆ. ಗಿಡ ನೋಡಲು ಜನ ಮುಗಿಬೀಳುತ್ತಾರೆ, ಅಂಗಡಿಯ ಗಲ್ಲಾಪೆಟ್ಟಿಗೆ ತುಂಬುತ್ತದೆ.

ನನ್ನ ಗೊಂದಲ ಇರುವುದು ಕೊನೆಯಲ್ಲಿ. 1960ರ ಚಿತ್ರದಲ್ಲಿ ಸೀಮೋರ್ ಚಾಕು ಹಿಡಿದು ಗಿಡದ ಬಾಯೊಳಕ್ಕೆ ಹತ್ತಿ ಸಾಯುತ್ತಾನೆ. ಆಮೇಲೆ ಅರಳುವ ಮೊಗ್ಗಿನಲ್ಲಿ ಅವನ ಮುಖ ಕಾಣಿಸಿಕೊಂಡು, ತಾನು ಬೇಕೆಂದು ಮಾಡಲಿಲ್ಲ ಎಂದು ಗೋಗರೆದು ಬಾಡಿಬೀಳುತ್ತದೆ. ನಾನು ನಕ್ಕುಬಿಟ್ಟೆ. 1986ರ ಚಿತ್ರದಲ್ಲಿ ಅವನು ಆಡ್ರಿಯನ್ನು ಗಿಡದ ಬಾಯಿಂದ ಎಳೆದು ಉಳಿಸಿ, ಕಿತ್ತುಬಂದ ವಿದ್ಯುತ್ ತಂತಿಯಿಂದ ಗಿಡವನ್ನು ಸುಟ್ಟು, ಮದುವೆಯಾಗಿ, ಹುಲ್ಲುಹಾಸಿನ ಪುಟ್ಟ ಮನೆಗೆ ಹೋಗುತ್ತಾನೆ. ಅಲ್ಲಿ ಅವನು ಸತ್ತಿದ್ದರೆ ನನಗೆ ಸಹಿಸಲಾಗುತ್ತಿರಲಿಲ್ಲ ಎಂಬುದು ನಿಜ. ಆದರೆ ಎರಡರಲ್ಲೂ ಅವನು ಮಾಡುವುದು ಒಂದೇ ಕೆಲಸವಲ್ಲವೇ? ಒಂದೇ ಅಪರಾಧಕ್ಕೆ ಒಂದು ಕಡೆ ಮರಣ, ಇನ್ನೊಂದು ಕಡೆ ಮಾಂಗಲ್ಯ ಎಂದರೆ ಏನರ್ಥ? ಇದು ನಿರ್ಮಾಪಕರ ವ್ಯಾಪಾರದ ಲೆಕ್ಕ ಮಾತ್ರವೋ ಅಥವಾ ಕಥೆಗೆ ಹಾಡು ಸೇರಿದ ಕೂಡಲೇ ಅದರ ನ್ಯಾಯವೂ ಬದಲಾಗುತ್ತದೆಯೋ? ಎರಡನ್ನೂ ಚೆನ್ನಾಗಿ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಚೌಕಿಮನೆ

ಸಂಜೆಯಾಟ ಅವರೇ, ನೀವು ಎರಡು ಮೆಟ್ಟಿಲು ನೋಡಿದ್ದೀರಿ, ನಡುವಿನದನ್ನು ಬಿಟ್ಟಿದ್ದೀರಿ. 1986ರ ಚಿತ್ರವು ಕಾರ್ಮನ್ನರ ಚಿತ್ರದಿಂದ ನೇರವಾಗಿ ಹುಟ್ಟಿದ್ದಲ್ಲ. 1982ರಲ್ಲಿ ಹೊವರ್ಡ್ ಆ್ಯಶ್‌ಮನ್ ಸಂಭಾಷಣೆ ಮತ್ತು ಸಾಹಿತ್ಯ ಬರೆದು, ಅಲನ್ ಮೆಂಕೆನ್ ಸಂಗೀತ ಕೂಡಿಸಿ, ನ್ಯೂಯಾರ್ಕಿನ ಒಂದು ಸಣ್ಣ ರಂಗಮಂದಿರದಲ್ಲಿ ಇದನ್ನು ಸಂಗೀತ ನಾಟಕವಾಗಿ ಆಡಿಸಿದರು. ಅದು ಅದೇ ವರ್ಷ ಆರ್ಫಿಯಂ ರಂಗಮಂದಿರಕ್ಕೆ ಸ್ಥಳಾಂತರಗೊಂಡು, ಐದು ವರ್ಷಗಳಲ್ಲಿ 2,209 ಪ್ರದರ್ಶನ ಕಂಡಿತು. ಚಿತ್ರದಲ್ಲಿ ಆಡ್ರಿಯಾಗಿರುವ ಎಲೆನ್ ಗ್ರೀನ್ ಆ ನಾಟಕದಲ್ಲೂ ಅದೇ ಪಾತ್ರ ಮಾಡಿದವರು. ಈಗ ಮುಖ್ಯ ಸಂಗತಿಗೆ ಬರುತ್ತೇನೆ: ಆ ನಾಟಕದಲ್ಲಿ ಆಡ್ರಿಯೂ ಸಾಯುತ್ತಾಳೆ, ಸೀಮೋರನೂ ಸಾಯುತ್ತಾನೆ, ಗಿಡ ಗೆಲ್ಲುತ್ತದೆ, ಮತ್ತು ಸತ್ತವರೆಲ್ಲ ಗಿಡಕ್ಕೆ ಉಣಿಸಬೇಡಿರೆಂದು ಪ್ರೇಕ್ಷಕರನ್ನು ಎಚ್ಚರಿಸುತ್ತಾ ಹಾಡುತ್ತಾರೆ.

ಫ್ರ್ಯಾಂಕ್ ಆಜ್ ಮೊದಲು ಚಿತ್ರೀಕರಿಸಿದ್ದೂ ಇದೇ ಮುಕ್ತಾಯವನ್ನೇ. ಗಿಡಗಳು ಕಟ್ಟಡಗಳೆತ್ತರ ಬೆಳೆದು ನ್ಯೂಯಾರ್ಕ್ ನಗರವನ್ನು ತುಳಿದುಹಾಕುವ ದೃಶ್ಯಗಳಿಗಾಗಿ ಪುಟ್ಟ ಪುಟ್ಟ ಕಟ್ಟಡಗಳ ಮಾದರಿಗಳನ್ನು ಕಟ್ಟಿ ಅಪಾರ ಹಣ ಸುರಿದಿದ್ದರು. ಬಿಡುಗಡೆಗೆ ಮುಂಚೆ ಸ್ಯಾನ್ ಹೊಸೆಯಲ್ಲಿ ಪ್ರೇಕ್ಷಕರಿಗೆ ತೋರಿಸಿದಾಗ, ಪ್ರತಿ ಹಾಡಿಗೂ ಚಪ್ಪಾಳೆ ತಟ್ಟುತ್ತಿದ್ದ ಜನ ನಾಯಕ ನಾಯಕಿ ಸತ್ತೊಡನೆ ಮೌನವಾಗಿಬಿಟ್ಟರು. ಆಮೇಲೆ ನೀವು ನೋಡಿದ ಸುಖಾಂತ್ಯವನ್ನು ಹೊಸದಾಗಿ ಚಿತ್ರೀಕರಿಸಲಾಯಿತು. ಆದ್ದರಿಂದ ವ್ಯಾಪಾರದ ಲೆಕ್ಕ ಇಲ್ಲ ಎನ್ನಲಾರೆ. ಆದರೆ ಆಜ್ ಆಮೇಲೆ ಕೊಟ್ಟ ವಿವರಣೆ ನನಗೆ ಬಹಳ ಸರಿಯೆನಿಸಿದೆ: ರಂಗದ ಮೇಲೆ ಸತ್ತ ನಟರು ಪರದೆ ಬಿದ್ದ ಮೇಲೆ ಎದ್ದುಬಂದು ಕೈಮುಗಿಯುತ್ತಾರೆ, ಸಿನಿಮಾದಲ್ಲಿ ಸತ್ತವರು ಸತ್ತೇ ಹೋಗುತ್ತಾರೆ.

ಇದನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಏಳೆಂಟು ವರ್ಷದವನಿದ್ದಾಗ ಗದ್ದೆಯ ಬಯಲಿನಲ್ಲಿ ಬಕಾಸುರನ ಪ್ರಸಂಗ ನೋಡಿದ್ದೆ. ಗಾಡಿ ತುಂಬ ಅನ್ನ, ಜೊತೆಗೆ ದಿನಕ್ಕೊಬ್ಬ ಮನುಷ್ಯ ಎಂದು ಊರಿನಿಂದ ಕಪ್ಪ ಕೇಳುವ ಆ ಬಣ್ಣದ ವೇಷಕ್ಕೆ ಹೆದರಿ ಚಿಕ್ಕಪ್ಪನ ಕಂಬಳಿಯೊಳಗೆ ಮುಖ ಹುದುಗಿಸಿದ್ದೆ. ಬೆಳಗಿನ ಜಾವ ಚಿಕ್ಕಪ್ಪ ನನ್ನನ್ನು ಚೌಕಿಯ ಹಿಂದಕ್ಕೆ ಕರೆದೊಯ್ದು ತೋರಿಸಿದರು: ಭೀಮನ ಕೈಯಲ್ಲಿ ಸತ್ತಿದ್ದ ಬಕಾಸುರ, ಅರ್ಧ ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ತೆಗೆದು, ಇನ್ನರ್ಧದಲ್ಲಿ ರಾಕ್ಷಸನಾಗಿಯೇ ಉಳಿದು, ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ಆ ಲೋಟ ಕಂಡ ಮೇಲೆ ನನಗೆ ಭಯ ಹೋಯಿತು. ಸಿನಿಮಾದ ಪ್ರೇಕ್ಷಕನಿಗೆ ಆ ಲೋಟ ಕಾಣುವುದಿಲ್ಲ.

ಇನ್ನು ಹಾಡಿನ ವಿಷಯ. ಆಡ್ರಿ ಹಾಡುವ ಒಂದು ಹಾಡಿನಲ್ಲಿ ಅವಳು ಕೇಳುವುದು ಅರಮನೆಯನ್ನಲ್ಲ. ಬೇಲಿ ಹಾಕಿದ ಸಾಧಾರಣ ಮನೆ, ಪ್ಲಾಸ್ಟಿಕ್ ಹೊದಿಸಿದ ಕುರ್ಚಿ, ಒಂದು ಸಣ್ಣ ಟಿವಿ. ಒಬ್ಬ ಮನುಷ್ಯ ತನ್ನ ಆಸೆಯನ್ನು ಮಾತಿನಲ್ಲಿ ಹೇಳಿದರೆ ನಾವು ತೂಗಿ ನೋಡುತ್ತೇವೆ; ರಾಗವಾಗಿ ಹೇಳಿದರೆ ಅವನ ಪಕ್ಷ ಸೇರಿಬಿಡುತ್ತೇವೆ. ಕಾರ್ಮನ್ನರ ಆಡ್ರಿಗೆ ಇಂಥ ಯಾವ ಆಸೆಯೂ ಇಲ್ಲ, ಅವಳು ಪದಗಳನ್ನು ತಪ್ಪಾಗಿ ಬಳಸುವ ಒಬ್ಬ ಮುದ್ದು ಹುಡುಗಿ, ಅಷ್ಟೇ. ಜೊತೆಗೆ ಆ್ಯಶ್‌ಮನ್ ಮೂವರು ಹುಡುಗಿಯರ ಮೇಳವೊಂದನ್ನು ಸೇರಿಸಿ, 1960ರ ದಶಕದ ಹೆಣ್ಣುಮಕ್ಕಳ ಗಾಯನ ತಂಡಗಳ ಹೆಸರುಗಳಿಂದಲೇ ಅವರಿಗೆ ಕ್ರಿಸ್ಟಲ್, ರೋನೆಟ್, ಶಿಫಾನ್ ಎಂದು ಹೆಸರಿಟ್ಟರು. ಇವರು ಕಥೆಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಮಳೆ ಸುರಿದರೂ ನೆನೆಯುವುದಿಲ್ಲ. ಎಲ್ಲವನ್ನೂ ಬಲ್ಲರು, ಯಾವುದನ್ನೂ ತಡೆಯಲಾರರು. ಭಾಗವತರ ಕೆಲಸವನ್ನು ಮೂವರು ಹಂಚಿಕೊಂಡಂತೆ ನನಗೆ ಕಂಡಿತು.

ಉತ್ತರ: ಕಪ್ಪುಬಿಳುಪು

ಚೌಕಿಮನೆ ಅವರ ಬರಹ ಸೊಗಸಾಗಿದೆ, ಆದರೆ ವಾದವು ತನ್ನ ಕಾಲಿಗೆ ತಾನೇ ತೊಡರಿದೆ. ಹಾಡು ಕೇಳಿದ ಮೇಲೆ ನಾಯಕನ ಸಾವನ್ನು ಸಹಿಸಲಾಗದು ಎನ್ನುವುದಾದರೆ, ಅದೇ ಹಾಡುಗಳಿದ್ದ ನಾಟಕದಲ್ಲಿ ಎಲ್ಲರೂ ಸತ್ತರೂ ಜನ ಐದು ವರ್ಷ ಟಿಕೆಟ್ ಕೊಂಡಿದ್ದು ಹೇಗೆ? ಚಹಾದ ಲೋಟದಿಂದ ಸ್ವಲ್ಪ ಉತ್ತರ ಸಿಗುತ್ತದೆ ಎಂದು ಒಪ್ಪುತ್ತೇನೆ. ಪೂರ್ತಿ ಸಿಗುವುದಿಲ್ಲ.

ಸಂಜೆಯಾಟ ಅವರು ಎರಡರಲ್ಲೂ ಅಪರಾಧ ಒಂದೇ ಎಂದಿದ್ದಾರೆ. ಅಲ್ಲ, ಸತ್ತವರು ಯಾರೆಂದು ನೋಡಿ. 1960ರ ಚಿತ್ರದಲ್ಲಿ ಮೊದಲು ಸಾಯುವವನು ರೈಲು ಹಳಿಯ ಬಳಿಯಿದ್ದ ಅಪರಿಚಿತ. ಸೀಮೋರ್ ಬೇಸರದಲ್ಲಿ ಎಸೆದ ಕಲ್ಲು ತಗಲಿ ಅವನು ಹಳಿಯ ಮೇಲೆ ಬೀಳುತ್ತಾನೆ, ರೈಲು ಹರಿಯುತ್ತದೆ. ಅವನು ಯಾರಿಗೂ ಏನೂ ಕೇಡು ಮಾಡಿದವನಲ್ಲ. ಕೊನೆಗೆ ಬಲಿಯಾಗುವ ಬೀದಿಯ ಹೆಣ್ಣೂ ಅಷ್ಟೆ. ಗಿಡವು ಸೀಮೋರನನ್ನು ಮಂಕು ಕವಿಸಿ ಬೀದಿಗೆ ಕಳಿಸಿದಾಗ ಕೈಗೆ ಸಿಕ್ಕವಳು ಅವಳು. 1986ರಲ್ಲಿ ಇವರಿಬ್ಬರೂ ಇಲ್ಲ. ಅಲ್ಲಿ ಗಿಡದ ಮೊದಲ ತುತ್ತು ಸ್ಟೀವ್ ಮಾರ್ಟಿನ್ ಮಾಡಿದ ಹಲ್ಲಿನ ಡಾಕ್ಟರು, ಆಡ್ರಿಯನ್ನು ಹೊಡೆದು ಬಡಿದು ಮಾಡುವ ಅವಳ ಪ್ರಿಯಕರ. ಅವನನ್ನೂ ಸೀಮೋರ್ ಕೊಲ್ಲುವುದಿಲ್ಲ. ನಗೆ ಅನಿಲದ ಮುಖವಾಡ ಕಳಚಲಾಗದೆ ಅವನು ನಗುನಗುತ್ತಲೇ ಸಾಯುವಾಗ ಸುಮ್ಮನೆ ನಿಂತಿರುತ್ತಾನೆ. ಎರಡನೆಯ ತುತ್ತು ಮಶ್ನಿಕ್, ಅವನನ್ನೂ ಬಂದೂಕು ಹಿಡಿದು ಬೆದರಿಸುವವನಾಗಿ ಮಾರ್ಪಡಿಸಲಾಗಿದೆ. ಅಂದರೆ ಬಲಿಯಾದವರೆಲ್ಲ ಬಲಿಗೆ ಅರ್ಹರು ಎಂದು ನಮಗೆ ಮೊದಲೇ ಒಪ್ಪಿಸಿ, ಆಮೇಲೆ ನಾಯಕನನ್ನು ಖುಲಾಸೆ ಮಾಡಿಸಿದ್ದಾರೆ. ಇದು ನನ್ನ ತಕರಾರು. ಹಾಡು ಬರುವುದಕ್ಕೂ ಮುಂಚೆ ಚಿತ್ರಕಥೆಯೇ ವಕಾಲತ್ತು ವಹಿಸಿಕೊಂಡಿದೆ.

ಮೂಲ ಚಿತ್ರದಲ್ಲಿ ನನ್ನನ್ನು ನಿಜವಾಗಿ ಹೆದರಿಸುವುದು ಗಿಡವಲ್ಲ (ಆ ಗಿಡಕ್ಕೆ ಯಾವ ಮಗುವೂ ಹೆದರಲಾರದು), ಮಶ್ನಿಕ್ ಪಾತ್ರ. ಹಣ ಮರೆತು ರಾತ್ರಿ ಅಂಗಡಿಗೆ ಹಿಂತಿರುಗುವ ಅವನು, ಸೀಮೋರ್ ಗಿಡಕ್ಕೆ ಏನನ್ನು ಉಣಿಸುತ್ತಿದ್ದಾನೆಂದು ಬಾಗಿಲಿನಿಂದಲೇ ನೋಡಿಬಿಡುತ್ತಾನೆ. ಮರುದಿನ ಬೆಳಿಗ್ಗೆ ಪೊಲೀಸರಿಗೆ ಹೇಳಬೇಕೆಂಬ ಮನಸ್ಸು ಅವನಿಗೆ ಇದ್ದೇ ಇದೆ. ಅಷ್ಟರಲ್ಲಿ ಗಿಡ ನೋಡಲು ಬಂದ ಗಿರಾಕಿಗಳು ಅಂಗಡಿ ತುಂಬಿದ್ದಾರೆ. ಅವನ ಬಾಯಿ ಅರ್ಧ ತೆರೆದು ಅಲ್ಲೇ ನಿಲ್ಲುತ್ತದೆ. ಮುಂದೆ ಅಂಗಡಿಗೆ ಕಳ್ಳನೊಬ್ಬ ನುಗ್ಗಿದಾಗ, ಹಣ ಗಿಡದ ಒಳಗಿದೆ ಎಂದು ತೋರಿಸಿ ಅವನನ್ನು ಕಳಿಸುವುದೂ ಮಶ್ನಿಕ್ಕನೇ. ಅಷ್ಟೆಲ್ಲ ಮಾಡಿಯೂ ಅವನು ಚಿತ್ರದ ಕೊನೆಯವರೆಗೆ ಬದುಕಿರುತ್ತಾನೆ. ಕೆಲಸದ ಹುಡುಗ ಸತ್ತ, ಯಜಮಾನ ಉಳಿದ. 1986ರ ಚಿತ್ರದಲ್ಲಿ ಇದು ಸರಿಯಾಗಿ ತಲೆಕೆಳಗಾಗಿದೆ.

ಇನ್ನೊಂದು ಮಾತು. ಕಾರ್ಮನ್ ಈ ಚಿತ್ರದ ಮುಖ್ಯಭಾಗವನ್ನು ಎರಡು ಹಗಲು, ಒಂದು ರಾತ್ರಿಯಲ್ಲಿ, ಬೇರೊಂದು ಚಿತ್ರಕ್ಕೆ ಹಾಕಿ ಉಳಿದಿದ್ದ ಸೆಟ್ಟಿನಲ್ಲಿ, ಸುಮಾರು 30,000 ಡಾಲರಿನೊಳಗೆ ಮುಗಿಸಿದರು. 1986ರದಕ್ಕೆ ತಗಲಿದ್ದು ಸುಮಾರು 25 ದಶಲಕ್ಷ ಡಾಲರ್. ದುಡ್ಡಿಲ್ಲದ್ದರಿಂದ ಮೂಲ ಚಿತ್ರಕ್ಕೆ ಒಂದು ಒರಟು ಹುರುಪು ಬಂದಿದೆ. ಚಿತ್ರಕಥೆ ಬರೆದ ಚಾರ್ಲ್ಸ್ ಗ್ರಿಫಿತ್ ತಾವೇ ಗಿಡಕ್ಕೆ ಧ್ವನಿ ಕೊಟ್ಟು, ಆ ಕಳ್ಳನ ಪಾತ್ರವನ್ನೂ ಮಾಡಿ, ತಮ್ಮ ಅಜ್ಜಿಯನ್ನೇ ಸೀಮೋರನ ತಾಯಿಯಾಗಿಸಿದರು. ಇಲ್ಲದ ರೋಗಗಳನ್ನೆಲ್ಲ ಹಚ್ಚಿಕೊಂಡು ಔಷಧಿಯನ್ನೇ ಅಡುಗೆಗೆ ಹಾಕುವ ಆ ತಾಯಿ, ಹೂವಿಗೆ ಉಪ್ಪು ಉದುರಿಸಿಕೊಂಡು ತಿನ್ನುವ ಗಿರಾಕಿ, ದಿನಕ್ಕೊಬ್ಬ ನೆಂಟರು ಸತ್ತರೆಂದು ಹೂ ಕೊಳ್ಳಲು ಬರುವ ಹೆಂಗಸು ಎಲ್ಲರೂ ಹಾಡಿಗೆ ಜಾಗ ಬಿಟ್ಟುಕೊಟ್ಟು ಹೊರನಡೆದಿದ್ದಾರೆ. ನಾಟಕದ ಸೀಮೋರ್ ತಾಯಿಯಿಲ್ಲದ ಅನಾಥ. ಅನಾಥನ ಮೇಲೆ ಕರುಣೆ ಬೇಗ ಹುಟ್ಟುತ್ತದೆ ಎಂಬುದೂ ಗಮನದಲ್ಲಿರಲಿ.

ಉತ್ತರ: ನಿಧಾನಗತಿ

ಗಿಡವನ್ನೇ ಎಲ್ಲರೂ ಮರೆತಿರುವುದರಿಂದ ಅದರ ಪರವಾಗಿ ಕೆಲವು ಮಾತು ಹೇಳುತ್ತೇನೆ.

ಮೂಲದಲ್ಲಿ ಗಿಡದ ಮಾತು ಹೆಚ್ಚುಕಡಿಮೆ ಒಂದೇ: ಊಟ ಹಾಕು. ಅದೊಂದು ಹಸಿವು, ವ್ಯಕ್ತಿಯಲ್ಲ. 1986ರಲ್ಲಿ ಆ ಗಿಡಕ್ಕೆ ಫೋರ್ ಟಾಪ್ಸ್ ತಂಡದ ಲೀವೈ ಸ್ಟಬ್ಸ್ ಅವರ ಕಂಠ ಬಂದಿದೆ. ಅದು ಪುಸಲಾಯಿಸುತ್ತದೆ, ಗದರಿಸುತ್ತದೆ, ಆಮಿಷ ಒಡ್ಡುತ್ತದೆ, ಗೇಲಿ ಮಾಡುತ್ತದೆ. ಪಾಪದ ಪಾಲು ಹೊರಲು ಒಬ್ಬ ಸಮರ್ಥ ಖಳ ಸಿಕ್ಕಿದ ಮೇಲೆ ನಾಯಕನ ಹೊರೆ ತಾನಾಗಿ ಹಗುರವಾಗುತ್ತದೆ. ಕಪ್ಪುಬಿಳುಪು ಅವರು ಹೇಳಿದ ಖುಲಾಸೆಗೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಸುಖಾಂತ್ಯಕ್ಕೆ ಮುಂಚೆ ಗಿಡ ಅಬ್ಬರಿಸುವ ಹಾಡು ನಾಟಕದಲ್ಲಿ ಇರಲಿಲ್ಲ, ಚಿತ್ರಕ್ಕೆಂದೇ ಬರೆದದ್ದು. ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ಆ ಗಿಡವನ್ನು ಆಡಿಸಿದ ಬಗೆ ಇನ್ನೂ ಸ್ವಾರಸ್ಯಕರವಾಗಿದೆ. ಫ್ರ್ಯಾಂಕ್ ಆಜ್ ಮೂಲತಃ ಬೊಂಬೆಯಾಡಿಸುವವರು. ಮಿಸ್ ಪಿಗ್ಗಿ ಮತ್ತು ಯೋಡಾ ಇಬ್ಬರಿಗೂ ಜೀವ ಕೊಟ್ಟವರು ಅವರೇ. ಲೈಲ್ ಕಾನ್ವೇ ತಯಾರಿಸಿದ ಗಿಡದ ಅತಿದೊಡ್ಡ ರೂಪವನ್ನು ಆಡಿಸಲು ಸುಮಾರು 60 ಮಂದಿ ಬೇಕಾಗುತ್ತಿತ್ತು. ಅಷ್ಟು ಭಾರದ ತುಟಿಗಳು ಹಾಡಿನ ವೇಗಕ್ಕೆ ತೆರೆದು ಮುಚ್ಚುವುದು ಸಾಧ್ಯವಿರಲಿಲ್ಲ. ಆದ್ದರಿಂದ ಕ್ಯಾಮೆರಾವನ್ನು ಸೆಕೆಂಡಿಗೆ 24 ಫ್ರೇಮಿನ ಬದಲು 12 ಅಥವಾ 16 ಫ್ರೇಮಿನಂತೆ ಓಡಿಸಿ, ಹಾಡನ್ನೂ ಅಷ್ಟೇ ನಿಧಾನವಾಗಿ ನುಡಿಸಿ, ಗಿಡದ ಬಾಯನ್ನು ಅದಕ್ಕೆ ಹೊಂದಿಸಿ ಚಿತ್ರೀಕರಿಸಿದರು. ತೆರೆಯ ಮೇಲೆ 24ರ ವೇಗದಲ್ಲಿ ಓಡಿಸಿದಾಗ ಗಿಡ ಚುರುಕಾಗಿ ಹಾಡುತ್ತದೆ. ಇದರ ಫಲವೇನೆಂದರೆ, ಅದೇ ಚೌಕಟ್ಟಿನಲ್ಲಿ ನಿಂತ ಸೀಮೋರ್ ಪಾತ್ರಧಾರಿ ರಿಕ್ ಮೊರಾನಿಸ್ ತಾನೂ ಅರ್ಧ ವೇಗದಲ್ಲಿ ನಡೆಯಬೇಕು, ಅರ್ಧ ವೇಗದಲ್ಲಿ ಬೆಚ್ಚಬೇಕು, ಅರ್ಧ ವೇಗದಲ್ಲಿ ತುಟಿಯಾಡಿಸಬೇಕು. ತೆರೆಯ ಮೇಲಿನ ಒಂದು ನಿಮಿಷಕ್ಕೆ 12 ಫ್ರೇಮಿನ ಲೆಕ್ಕದಲ್ಲಿ ಎರಡು ನಿಮಿಷ ಹಾಗೆ ನೀರಿನೊಳಗೆ ನಡೆದಂತೆ ನಟಿಸಬೇಕು. ಇನ್ನೊಮ್ಮೆ ನೋಡುವಾಗ ಅವನ ಕೈಗಳನ್ನು ಗಮನಿಸಿ. ಗಿಡದ ಎದುರಿನಲ್ಲಿ ಮಾತ್ರ ಅವನ ಚಲನೆಯಲ್ಲಿ ಒಂದು ಬಗೆಯ ಬಿಗಿ ಇದೆ. ನನಗದು ಭಯವಾಗಿಯೇ ಕಂಡಿತು.

ನಾಟಕದಲ್ಲಿ ಸಹಿಸಿದ ಸಾವನ್ನು ಸಿನಿಮಾದಲ್ಲಿ ಏಕೆ ಸಹಿಸಲಿಲ್ಲ ಎಂಬುದಕ್ಕೆ ನನ್ನ ಉತ್ತರ ಸರಳವಾದದ್ದು. ಹತ್ತನೆಯ ಸಾಲಿನಿಂದ ನೋಡುವವನಿಗೆ ಎಲೆನ್ ಗ್ರೀನ್ ಹೆಬ್ಬೆರಳಿನಷ್ಟು ಎತ್ತರ ಕಾಣುತ್ತಾರೆ. ಚಿತ್ರಮಂದಿರದಲ್ಲಿ ಅವರ ಒಂದು ಕಣ್ಣೇ ಬಾಗಿಲಿನಷ್ಟು ಅಗಲವಿರುತ್ತದೆ.

ಉತ್ತರ: ಹಳೇ ಕ್ಯಾಸೆಟ್

ಒಂದು ಸಣ್ಣ ಸೇರ್ಪಡೆ. 1960ರ ಚಿತ್ರವನ್ನು ಜ್ಯಾಕ್ ನಿಕೋಲ್ಸನ್ ಚಿತ್ರವೆಂದು ನಂಬಿ ನೋಡಲು ಹೋಗಬೇಡಿ. ನೋವನ್ನೇ ಬಯಸಿ ಹಲ್ಲಿನ ಡಾಕ್ಟರ ಬಳಿಗೆ ಬಂದು, ಅರಿವಳಿಕೆ ಬೇಡವೆಂದು ಹಟ ಮಾಡಿ, ಹಲ್ಲು ಕೀಳಿಸಿಕೊಂಡು ಸಂತೋಷದಿಂದ ಹೋಗುವ ರೋಗಿಯಾಗಿ ಅವರು ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತಾರೆ. ಆ ಚಿತ್ರದ ಹಕ್ಕುಸ್ವಾಮ್ಯವನ್ನು ಸರಿಯಾಗಿ ಕಾಯ್ದುಕೊಳ್ಳದ ಕಾರಣ ಅದು ಸಾರ್ವಜನಿಕ ಸ್ವತ್ತಾಯಿತು. ಅವರು ಹೆಸರುವಾಸಿಯಾದ ಮೇಲೆ ಕ್ಯಾಸೆಟ್ ಮಾರುವವರೆಲ್ಲ ಅವರ ಮುಖವನ್ನೇ ಹೊದಿಕೆಯ ಮೇಲೆ ಅಚ್ಚು ಹಾಕಿದರು. ನಾನೂ ಹಾಗೆಯೇ ಮೋಸಹೋದವನು, ಆದರೆ ವಿಷಾದವಿಲ್ಲ. ಆ ರೋಗಿಯ ಪಾತ್ರವನ್ನು ರಂಗನಾಟಕ ಕೈಬಿಟ್ಟಿತ್ತು. 1986ರ ಚಿತ್ರವು ಅದನ್ನು ಮತ್ತೆ ಕರೆತಂದು ಬಿಲ್ ಮರ್ರೆ ಅವರಿಗೆ ಕೊಟ್ಟಿತು. ಹೊಸ ಚಿತ್ರ ಹಳೆಯದಕ್ಕೆ ಸಲ್ಲಿಸಿದ ನಮಸ್ಕಾರ ಅದೊಂದೇ ಸಾಕು ಎನ್ನಿಸುತ್ತದೆ. ನೋವು ಕೊಡುವುದರಲ್ಲೇ ಸುಖ ಕಾಣುವ ಡಾಕ್ಟರಿಗೆ, ನೋವಿನಿಂದ ಸುಖಪಡುವ ರೋಗಿ ಸಿಕ್ಕಿದಾಗ ಡಾಕ್ಟರು ಅಸಹ್ಯಪಟ್ಟು ಅವನನ್ನು ಹೊರದಬ್ಬುವ ಆ ಸನ್ನಿವೇಶ ಮಾತ್ರ ಮೂಲಕ್ಕಿಂತ ಒಂದು ಹೆಜ್ಜೆ ಮುಂದಿದೆ.

ಸಂಜೆಯಾಟ ಅವರು ಮೊದಲಿನ ಮುಕ್ತಾಯವನ್ನೂ ನೋಡಬಹುದು. ಬಣ್ಣದಲ್ಲಿ ಸರಿಪಡಿಸಿದ ಪ್ರತಿ 2012ರಲ್ಲಿ ಡಿಸ್ಕ್ ರೂಪದಲ್ಲಿ ಹೊರಬಂದಿದೆ.

ಪ್ರತಿಕ್ರಿಯೆ: ಸಂಜೆಯಾಟ

ಎಲ್ಲರಿಗೂ ಕೃತಜ್ಞತೆಗಳು. ಹಳೇ ಕ್ಯಾಸೆಟ್ ಅವರ ಮಾತಿನಂತೆ ನಿರ್ದೇಶಕರ ಮೊದಲಿನ ಮುಕ್ತಾಯವನ್ನು ನಿನ್ನೆ ರಾತ್ರಿ ನೋಡಿದೆ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು, ಆದರೆ ನಿಮ್ಮಲ್ಲಿ ಯಾರೂ ಹೇಳದ ಕಡೆಯಿಂದ.

ಗಾಯಗೊಂಡ ಆಡ್ರಿ, ತಾನು ಸತ್ತ ಮೇಲೆ ತನ್ನನ್ನು ಗಿಡಕ್ಕೇ ಕೊಡು, ಆಗಲಾದರೂ ಹಸಿರಿನ ನಡುವೆ ಇರುತ್ತೇನೆ ಎಂದು ಕೇಳಿಕೊಳ್ಳುತ್ತಾಳೆ. ಹಿಂದೆ ಅವಳು ಹಾಡಿದ್ದ ಹುಲ್ಲುಹಾಸಿನ ಮನೆಯ ಹಾಡೇ ಇಲ್ಲಿ ಬೇರೆ ಅರ್ಥದಲ್ಲಿ ಮರಳುತ್ತದೆ. ಸೀಮೋರ್ ಅವಳನ್ನು ಎತ್ತಿಕೊಂಡು ಹೋಗಿ ಗಿಡದ ಬಾಯಲ್ಲಿ ಇಡುವಾಗ ನನಗೆ ಕಣ್ಣು ತುಂಬಿತು. ಅಲ್ಲಿಯವರೆಗೆ ಆ ಮುಕ್ತಾಯವೇ ಸರಿಯೆನಿಸಿತ್ತು. ಅವಳ ಆಸೆ ಈಡೇರಿದ ಬಗೆಯೇ ಅವಳ ಶಿಕ್ಷೆಯೂ ಆಗಿತ್ತು. ಸ್ವಲ್ಪ ಹೊತ್ತಿನಲ್ಲಿ ಗಿಡವು ಸೀಮೋರನನ್ನೂ ನುಂಗಿ ಅವನ ಕನ್ನಡಕವನ್ನು ಮಾತ್ರ ಉಗುಳುತ್ತದೆ. ಆ ಕನ್ನಡಕವನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವ ಮೊದಲೇ ಗಿಡಗಳು ಊರೂರಿನಲ್ಲಿ ಮಾರಾಟವಾಗಿ, ಸೇತುವೆ ಮುರಿದು, ರೈಲು ನುಂಗಿ, ಸೈನ್ಯವನ್ನೇ ಅಟ್ಟಾಡಿಸಿ ಕೇಕೆ ಹಾಕತೊಡಗುತ್ತವೆ. ಆ ಪುಟ್ಟ ಕಟ್ಟಡಗಳ ಕೆಲಸಗಾರಿಕೆ ಅದ್ಭುತ, ಒಪ್ಪುತ್ತೇನೆ. ಆದರೆ ಅದು ಮುಗಿಯುವುದೇ ಇಲ್ಲ. ಮನೆಯಲ್ಲಿ ಹೆಣವಿರುವಾಗ ಹೊರಗೆ ಪಟಾಕಿ ಹೊಡೆದಂತೆ ಆಯಿತು. ಸ್ಯಾನ್ ಹೊಸೆಯ ಜನ ಮೌನವಾಗಿದ್ದು ಸಾವಿಗಾಗಿ ಅಲ್ಲ, ಅಳಲು ಐದು ನಿಮಿಷವೂ ಸಿಗದಿದ್ದಕ್ಕಾಗಿ ಇರಬೇಕೆಂದು ನನ್ನ ಊಹೆ.

ಕಪ್ಪುಬಿಳುಪು ಅವರ ಬಲಿಗಳ ಪಟ್ಟಿಯನ್ನು ಓದಿದ ಮೇಲೆ ನಾನು ನಕ್ಕ ಬಗ್ಗೆ ಸ್ವಲ್ಪ ಮುಜುಗರವಾಯಿತು. ರೈಲು ಹಳಿಯ ಆ ಮನುಷ್ಯನ ಬಗ್ಗೆ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಸೀಮೋರ್ ಗೋಣಿಚೀಲವನ್ನು ಎಲ್ಲಿ ಬಚ್ಚಿಡುತ್ತಾನೆ ಎಂಬುದೇ ನನ್ನ ಚಿಂತೆಯಾಗಿತ್ತು. ಮಶ್ನಿಕ್ ಬದುಕುಳಿದದ್ದಂತೂ ನನ್ನ ಗಮನಕ್ಕೇ ಬಂದಿರಲಿಲ್ಲ. ಕೊನೆಯಲ್ಲಿ ಮೊಗ್ಗುಗಳು ಅರಳಿ ಒಂದೊಂದರಲ್ಲೂ ಸತ್ತವರ ಮುಖ ಕಾಣುವಾಗ, ಬಂದಿದ್ದ ಅತಿಥಿಗಳ ನಡುವೆ ಅವನು ಎಲ್ಲಿ ನಿಂತಿದ್ದಾನೆ, ಯಾವ ಮುಖ ಮಾಡಿದ್ದಾನೆ ಎಂದು ಹುಡುಕುವುದಕ್ಕಾಗಿ ಮೂಲ ಚಿತ್ರವನ್ನು ಈ ಶನಿವಾರ ಮತ್ತೆ ಹಾಕಿಕೊಳ್ಳುತ್ತೇನೆ. ಸುಮಾರು 70 ನಿಮಿಷದ ಚಿತ್ರ, ಊಟದ ಮೊದಲೇ ಮುಗಿಯುತ್ತದೆ.